ಆ್ಯಪ್ ಕ್ಯಾಬ್‌ನಲ್ಲಿ ಅಪಘಾತವಾಗಿ ಗಾಯಗೊಂಡರೆ: ವಿಮೆ, ಪರಿಹಾರ ಮತ್ತು ಕೈತಪ್ಪಬಾರದ ಕಾಗದಪತ್ರಗಳು

ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದ ಕ್ಯಾಬ್‌ನಲ್ಲಿ ಹೋಗುತ್ತಿದ್ದಾಗ ಅಪಘಾತವಾಗಿ ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರು ಕೊಡಬೇಕು? ಚಾಲಕನೇ, ಕಾರಿನ ಮಾಲೀಕನೇ, ಆ್ಯಪ್ ಕಂಪನಿಯೇ, ಅಥವಾ ಎದುರಿನಿಂದ ಬಂದು ಗುದ್ದಿದ ವಾಹನದವರೇ? ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಅದರ ಹಿಂದೆಯೇ ಬರುವ ಇನ್ನೊಂದು ಮಾತು ಹೆಚ್ಚು ನೋವಿನದು: "ಆಗ ಯಾರೂ ಹೇಳಲಿಲ್ಲ, ಈಗ ತಡವಾಯಿತಂತೆ." ಆ ಎರಡನೆಯ ಮಾತನ್ನು ಯಾರೂ ಹೇಳಬೇಕಾದ ಸಂದರ್ಭ ಬಾರದಿರಲಿ ಎಂಬ ಕಾರಣಕ್ಕೆ ಈ ಮಾರ್ಗದರ್ಶಿಯನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಪ್ರಶ್ನೆಯ ಉತ್ತರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ವಿಮೆ ಅಂಟಿಕೊಂಡಿರುವುದು ವಾಹನಕ್ಕೆ, ಆ್ಯಪ್‌ಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಾಹನದಿಂದ ಬೇರೆಯವರಿಗೆ ಆದ ಹಾನಿಯನ್ನು ಮಾಲೀಕನ ಪರವಾಗಿ ವಿಮಾ ಕಂಪನಿ ತುಂಬಿಕೊಡುವ ವಿಮೆಗೆ ಈ ಹೆಸರು. ಬಾಡಿಗೆ ವಾಹನದೊಳಗೆ ಕುಳಿತ ಪ್ರಯಾಣಿಕರ ಗಾಯ ಮತ್ತು ಸಾವು ಕೂಡ ಇದರೊಳಗೆ ಬರಲೇಬೇಕೆಂದು 147ನೇ ಕಲಂ ಹೇಳುತ್ತದೆ. ಆದ್ದರಿಂದ ಹಳದಿ ಬೋರ್ಡ್‌ನ ಕ್ಯಾಬ್‌ನಲ್ಲಿ ಗಾಯಗೊಂಡ ಪ್ರಯಾಣಿಕರಿಗೆ ಹಣ ಬರಬೇಕಾದ ಮೊದಲ ಮೂಲ ಆ ಕ್ಯಾಬಿನ ವಿಮಾ ಕಂಪನಿ. ತಪ್ಪು ಇನ್ನೊಂದು ವಾಹನದ್ದಾಗಿದ್ದರೆ ಆ ವಾಹನದ ವಿಮಾ ಕಂಪನಿ. ಇಬ್ಬರದೂ ಆಗಿದ್ದರೆ ಎರಡೂ ಕಂಪನಿಗಳು.

ಇಲ್ಲೊಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಈ ವಿಷಯ ಹುಡುಕಿದರೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಅಮೆರಿಕದ ಪದ್ಧತಿಯನ್ನು ಕುರಿತವು. ಅಲ್ಲಿ ಚಾಲಕ ಆ್ಯಪ್ ತೆರೆದಿದ್ದನೇ, ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದನೇ ಎಂಬುದರ ಮೇಲೆ ವಿಮೆಯ ಮೊತ್ತವೇ ಬದಲಾಗುತ್ತದೆ. ಅದನ್ನು ಓದಿ, "ಟ್ರಿಪ್ ಮುಗಿದಿತ್ತು, ಹಾಗಾಗಿ ನನಗೆ ಏನೂ ಸಿಗುವುದಿಲ್ಲ" ಎಂದು ಕೈಚೆಲ್ಲಿ ಕೂರಬೇಡಿ. ಇಲ್ಲಿನ ಕಡ್ಡಾಯ ವಿಮೆಗೆ ಆ್ಯಪ್ ಚಾಲೂ ಇತ್ತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ.

ಹಂತ 1: ಅಪಘಾತದ ಸ್ಥಳದಲ್ಲಿ

ಪ್ರಾಣ ಮೊದಲು. 112 ಅಥವಾ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ನೆರವಿಗೆ ಬಂದವರು ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂದು ಹಿಂಜರಿದರೆ, ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ನೀಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ ಎಂದು ತಿಳಿಸಿ.

ಮೈಯಲ್ಲಿ ಶಕ್ತಿಯಿದ್ದರೆ, ಇಲ್ಲವಾದರೆ ಜೊತೆಯಲ್ಲಿದ್ದವರಿಂದ, ವಾಹನಗಳನ್ನು ಪಕ್ಕಕ್ಕೆ ಸರಿಸುವ ಮುನ್ನ ಫೋಟೋ ತೆಗೆಸಿ. ಎರಡೂ ವಾಹನಗಳ ನಂಬರ್ ಪ್ಲೇಟ್, ನಿಂತಿರುವ ರೀತಿ, ರಸ್ತೆಯ ಮೇಲಿನ ಬ್ರೇಕ್ ಗುರುತು, ಸುತ್ತಮುತ್ತ ಕಾಣುವ ಅಂಗಡಿ ಅಥವಾ ಮೈಲಿಗಲ್ಲು ಅದರಲ್ಲಿ ಬರಲಿ. ಬಳಿಕ ಆ್ಯಪ್ ತೆರೆದು ಟ್ರಿಪ್ ವಿವರದ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಚಾಲಕನ ಹೆಸರು, ವಾಹನದ ನಂಬರ್, ಹತ್ತಿದ ಸಮಯ, ಸಾಗಿದ ದಾರಿಯ ನಕ್ಷೆ, ಟ್ರಿಪ್ ಸಂಖ್ಯೆ ಇವಿಷ್ಟೂ ಒಂದೆರಡು ಚಿತ್ರಗಳಲ್ಲಿ ಸಿಗುತ್ತವೆ. ಆ ಕ್ಯಾಬ್‌ನಲ್ಲಿ ನೀವಿದ್ದಿರಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಆ್ಯಪ್‌ನಲ್ಲಿ ತೋರಿಸಿದ ನಂಬರ್ ಮತ್ತು ನಿಜವಾದ ಪ್ಲೇಟ್ ಒಂದೇ ಆಗಿದೆಯೇ, ಚಾಲಕ ಅದೇ ವ್ಯಕ್ತಿಯೇ ಎಂದು ನೋಡಿ. ಬೇರೆಯಾಗಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಈ ಹಂತದಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, "ಕೇಸ್ ಎಲ್ಲ ಬೇಡ ಸಾರ್, ಆಸ್ಪತ್ರೆ ಖರ್ಚು ನಾನೇ ನೋಡ್ಕೋತೀನಿ" ಎಂಬ ಮಾತು. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಮೂಳೆ ಮುರಿತದ ಶಸ್ತ್ರಚಿಕಿತ್ಸೆಯ ಬಿಲ್ ಭರಿಸುವ ಶಕ್ತಿ ಸಾಲದ ಕಂತು ಕಟ್ಟುತ್ತಿರುವ ಚಾಲಕನಿಗೆ ಇರುವುದಿಲ್ಲ. ದೂರು ಕೊಡುವುದು ಅವರ ಮೇಲಿನ ಹಗೆಯಲ್ಲ, ಅವರದೇ ವಾಹನದ ವಿಮೆಯನ್ನು ಬಳಸಿಕೊಳ್ಳುವ ದಾರಿ ಎಂದು ವಿವರಿಸಿ ಹೇಳಿ. ಎರಡನೆಯದು, ಆ್ಯಪ್‌ನಲ್ಲಿ ಟ್ರಿಪ್ ರದ್ದು ಮಾಡಿಸಿ ನಗದಿಗೆ ಕರೆದೊಯ್ಯುವ ರೂಢಿ. ಅಂಥ ಪ್ರಯಾಣದಲ್ಲಿ ಅಪಘಾತವಾದರೂ ವಾಹನದ ಕಡ್ಡಾಯ ವಿಮೆ ಇದ್ದೇ ಇರುತ್ತದೆ. ಆದರೆ ಆ್ಯಪ್ ನೀಡುವ ಪ್ರಯಾಣ ವಿಮೆ ಕೈತಪ್ಪುತ್ತದೆ ಮತ್ತು ನೀವು ಪ್ರಯಾಣಿಕರಾಗಿದ್ದಿರಿ ಎಂಬುದನ್ನು ಬೇರೆ ದಾರಿಯಿಂದ ತೋರಿಸಬೇಕಾಗುತ್ತದೆ. ಯುಪಿಐ ಪಾವತಿ, ಚಾಲಕನೊಂದಿಗಿನ ಕರೆಯ ದಾಖಲೆ ಆಗ ನೆರವಾಗುತ್ತವೆ.

ಹಂತ 2: ಆಸ್ಪತ್ರೆಯಲ್ಲಿ ಬರೆಸುವ ಮೊದಲ ಸಾಲು

ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಹಂತ ಇದೆಂದು ನನ್ನ ದೃಢ ಅಭಿಪ್ರಾಯ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕರ್ತವ್ಯದಲ್ಲಿರುವ ವೈದ್ಯರು ಗಾಯಾಳುವನ್ನೋ ಜೊತೆಗೆ ಬಂದವರನ್ನೋ "ಏನಾಯಿತು?" ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಯಾವಾಗ, ಎಲ್ಲಿ, ಯಾವ ವಾಹನದಿಂದ, ಹೇಗೆ ಗಾಯವಾಯಿತು ಎಂಬ ಸಾಲು ಅದು. ಗಾಬರಿಯಲ್ಲಿದ್ದ ಬಂಧುಗಳು "ಬಿದ್ದುಬಿಟ್ಟರು" ಎಂದಷ್ಟೇ ಹೇಳಿದರೆ, ಅಥವಾ ಪೊಲೀಸ್ ಗೊಡವೆ ಬೇಡವೆಂದು ಚಾಲಕನೇ "ಮೆಟ್ಟಿಲಿನಿಂದ ಜಾರಿದರು" ಎಂದು ಬರೆಸಿದರೆ, ಆ ಸಾಲು ಹಾಗೆಯೇ ದಾಖಲೆಯಾಗಿ ಉಳಿಯುತ್ತದೆ. ವರ್ಷ ಕಳೆದ ಮೇಲೆ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಎತ್ತಿ ಓದುವುದು ಇದನ್ನೇ. "ಇಂಥ ದಿನ, ಇಂಥ ಸಮಯ, ಇಂಥ ರಸ್ತೆಯಲ್ಲಿ, ಇಂಥ ನಂಬರಿನ ಕ್ಯಾಬ್‌ನಲ್ಲಿ ಪ್ರಯಾಣಿಸುತ್ತಿದ್ದಾಗ ಡಿಕ್ಕಿಯಾಗಿ ಗಾಯ" ಎಂದು ಬರೆದಿದ್ದಾರೆಯೇ ಎಂದು ಜೊತೆಯಲ್ಲಿರುವ ಒಬ್ಬರು ಅಂದೇ ಕೇಳಿ ಖಚಿತಪಡಿಸಿಕೊಳ್ಳಲಿ. ತಪ್ಪಾಗಿದ್ದರೆ ಅಂದೇ, ಅಲ್ಲಿಯೇ ಸರಿಪಡಿಸಿಕೊಡುವಂತೆ ವಿನಂತಿಸಿ. ಬಿಡುಗಡೆಯ ನಂತರ ಕೊಟ್ಟ ವಿವರಣೆಗೆ ಅಷ್ಟು ತೂಕವಿರುವುದಿಲ್ಲ.

ಇದರೊಂದಿಗೆ ಪ್ರಕರಣವನ್ನು ಎಂಎಲ್‌ಸಿ ಎಂದು ದಾಖಲಿಸಿ ಠಾಣೆಗೆ ಮಾಹಿತಿ ಕಳಿಸಿದ್ದಾರೆಯೇ ಎಂದೂ ಕೇಳಿ. ಕಾನೂನಿನ ಮುಂದೆ ಬರಬಹುದಾದ ಗಾಯದ ಪ್ರಕರಣ ಎಂದು ಆಸ್ಪತ್ರೆ ಗುರುತಿಸುವುದಕ್ಕೆ ಎಂಎಲ್‌ಸಿ ಎನ್ನುತ್ತಾರೆ. ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆ ಆಸ್ಪತ್ರೆ ಪೊಲೀಸರಿಗೆ ಕೊಡುವ ಗಾಯದ ಪ್ರಮಾಣಪತ್ರದಲ್ಲಿ ಪ್ರತಿಯೊಂದು ಗಾಯವನ್ನೂ ಸಾಮಾನ್ಯ ಅಥವಾ ತೀವ್ರ ಎಂದು ವಿಂಗಡಿಸಿರುತ್ತಾರೆ. ಮೂಳೆ ಅಥವಾ ಹಲ್ಲು ಮುರಿತ, ಕೀಲು ಜಾರುವಿಕೆ, ಮುಖ ಶಾಶ್ವತವಾಗಿ ವಿಕಾರವಾಗುವುದು, 15 ದಿನಗಳ ಕಾಲ ತೀವ್ರ ನೋವು ಅಥವಾ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ, ಇವು ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ತೀವ್ರ ಗಾಯಗಳು. ಈ ವಿಂಗಡಣೆ ಮುಂದಿನ ಪರಿಹಾರಕ್ಕೆ ನೇರವಾಗಿ ಸಂಬಂಧಿಸಿದೆ. ಆದ್ದರಿಂದ ಎಕ್ಸ್‌ರೇ ಮತ್ತು ಸ್ಕ್ಯಾನ್ ವರದಿಗಳು ಪೊಲೀಸರಿಗೆ ತಲುಪಿವೆಯೇ ನೋಡಿಕೊಳ್ಳಿ. ಬಾಯಿಮಾತಿನಲ್ಲಿ ಮೂಳೆ ಮುರಿದಿದೆ ಎಂದರೆ ಸಾಲದು.

ಆರಂಭದ ಖರ್ಚಿನ ಬಗ್ಗೆ ಒಂದು ಸಂಗತಿ ಇನ್ನೂ ಹಲವರಿಗೆ ತಿಳಿದಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳಷ್ಟು ಚಿಕಿತ್ಸೆಗೆ ಅವಕಾಶವಿದೆ. ದಾಖಲಾಗುವಾಗಲೇ ಆ ಯೋಜನೆಯನ್ನು ಹೆಸರಿಸಿ ಕೇಳಿ.

ಹಂತ 3: ಪೊಲೀಸ್ ದೂರು

ಎಫ್‌ಐಆರ್ ಇಲ್ಲದೆ ಪರಿಹಾರ ಪಡೆಯುವುದು ಬಹಳ ಕಷ್ಟ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಅದರಿಂದಾದ ಗಾಯಕ್ಕೆ 125ನೇ ಕಲಂ ಅನ್ವಯಿಸುತ್ತವೆ. ಗಾಯಾಳು ಆಸ್ಪತ್ರೆಯಲ್ಲಿದ್ದರೆ ಕುಟುಂಬದವರು ದೂರು ಕೊಡಬಹುದು, ಪೊಲೀಸರು ಆಸ್ಪತ್ರೆಗೆ ಬಂದು ಹೇಳಿಕೆ ಪಡೆಯಲೂಬಹುದು. ಒಂದೆರಡು ದಿನ ತಡವಾಗಿದ್ದರೆ, ಚಿಕಿತ್ಸೆಯ ಓಡಾಟದಲ್ಲಿ ತಡವಾಯಿತು ಎಂಬ ಕಾರಣವನ್ನು ದೂರಿನಲ್ಲಿಯೇ ಬರೆಯಿರಿ. ಕಾರಣ ಹೇಳದ ವಿಳಂಬವನ್ನು ಎದುರು ಪಕ್ಷದವರು ಕಟ್ಟುಕಥೆ ಎಂದು ವಾದಿಸುತ್ತಾರೆ.

ಯಾರ ತಪ್ಪು ಎಂದು ಬರೆಯುವಾಗ ಎಚ್ಚರವಿರಲಿ. ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದವರಿಗೆ ಡಿಕ್ಕಿಯ ಕ್ಷಣ ಕಾಣದೇ ಇರುವುದು ಸಹಜ. ಕಂಡಷ್ಟನ್ನೇ ಹೇಳಿ, ಕಾಣದ್ದನ್ನು ಊಹಿಸಿ ಒಬ್ಬರ ತಲೆಗೆ ಕಟ್ಟಬೇಡಿ. ಪ್ರಯಾಣಿಕರಿಗೆ ಇಲ್ಲಿ ಕಾನೂನಿನ ದೊಡ್ಡ ಆಸರೆಯಿದೆ. ಎರಡು ವಾಹನಗಳ ಚಾಲಕರೂ ತಪ್ಪು ಮಾಡಿ ಮೂರನೆಯವರಿಗೆ ಗಾಯವಾದರೆ ಅದನ್ನು ಸಂಯುಕ್ತ ನಿರ್ಲಕ್ಷ್ಯ ಎನ್ನುತ್ತಾರೆ. ಅಂಥ ಸಂದರ್ಭದಲ್ಲಿ ಗಾಯಾಳು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಪಾಲು ಹಂಚಿಕೊಳ್ಳುವುದು ಆ ಇಬ್ಬರ ನಡುವಿನ ವ್ಯವಹಾರ. ಗಾಯಾಳುವಿನದೇ ತಪ್ಪಿನ ಪಾಲಿದ್ದರೆ ಮಾತ್ರ ಅಷ್ಟು ಕಡಿತವಾಗುತ್ತದೆ. ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂಬ ಆಕ್ಷೇಪ ಬರುವುದು ಈ ದಾರಿಯಿಂದ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂಬ ನಿಯಮವಿದೆ ಎಂಬುದನ್ನು ಮರೆಯಬೇಡಿ.

ತನಿಖೆ ಸಾಗುತ್ತಿದ್ದಂತೆ ಠಾಣೆಯಿಂದ ಈ ದಾಖಲೆಗಳ ಪ್ರತಿ ಪಡೆಯಬೇಕು:

– ಎಫ್‌ಐಆರ್ ಮತ್ತು ಮೂಲ ದೂರು
– ಸ್ಥಳ ಮಹಜರು ಮತ್ತು ನಕ್ಷೆ
– ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಅಂದರೆ ಐಎಂವಿ ವರದಿ
– ಗಾಯದ ಪ್ರಮಾಣಪತ್ರ
– ಕೊನೆಯಲ್ಲಿ ದೋಷಾರೋಪ ಪಟ್ಟಿ

ಹಂತ 4: ನಮೂನೆ 6 ಮತ್ತು ಅದರ 60 ದಿನ

2022ರ ಏಪ್ರಿಲ್ 1ರಿಂದ ಅಪಘಾತ ಪ್ರಕರಣಗಳ ತನಿಖೆಗೆ ಹೊಸ ನಿಯಮಗಳು ಬಂದಿವೆ. ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. 10 ದಿನಗಳೊಳಗೆ ಗಾಯಾಳುವಿಗೆ ಅವರ ಹಕ್ಕುಗಳನ್ನು ತಿಳಿಸುವ ನಮೂನೆ 2ನ್ನು ಕೊಡಬೇಕು. ಚಾಲಕ ಮತ್ತು ಮಾಲೀಕರು ತಮ್ಮ ವಿವರಗಳನ್ನು 30 ದಿನಗಳೊಳಗೆ ಒದಗಿಸಬೇಕು. 90 ದಿನಗಳೊಳಗೆ ವಿವರವಾದ ಅಪಘಾತ ವರದಿ ನ್ಯಾಯಮಂಡಳಿಯನ್ನು ಸೇರಬೇಕು.

ಇವೆಲ್ಲ ಪೊಲೀಸರ ಕೆಲಸ. ನಿಮ್ಮ ಪಾಲಿನದು ಒಂದೇ: ನಮೂನೆ 6. ಗಾಯಾಳುವಿನ ವಯಸ್ಸು, ಉದ್ಯೋಗ, ಆದಾಯ, ಗಾಯ, ಚಿಕಿತ್ಸೆಯ ಖರ್ಚು, ಅವಲಂಬಿತರ ವಿವರ ಇವನ್ನು ತುಂಬಿ ಅಪಘಾತದ ದಿನದಿಂದ 60 ದಿನಗಳೊಳಗೆ ತನಿಖಾಧಿಕಾರಿಗೆ ಕೊಡಬೇಕು. ಯಾರೂ ತಾವಾಗಿ ತಂದು ಕೊಡದಿದ್ದರೆ ನೀವೇ ಠಾಣೆಯಲ್ಲಿ ಕೇಳಿ ಪಡೆಯಿರಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಚಿಕಿತ್ಸೆ ಮುಗಿದಿಲ್ಲವೆಂದು ಕಾಯಬೇಡಿ. ಆ ದಿನದವರೆಗಿನ ಬಿಲ್ಲುಗಳನ್ನು ಲಗತ್ತಿಸಿ, ಚಿಕಿತ್ಸೆ ಮುಂದುವರಿದಿದೆ ಎಂದು ಬರೆದರೆ ಆಯಿತು.

ಹಂತ 5: ವಾಹನದ ವಿಮೆ ಪತ್ತೆ ಹಚ್ಚುವುದು

ವಾಹನದ ನಂಬರ್ ಗೊತ್ತಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಅದರ ವಿಮೆಯ ಅವಧಿಯನ್ನು ನೋಡಬಹುದು. ಅಪಘಾತದ ದಿನ ವಿಮೆ ಚಾಲ್ತಿಯಲ್ಲಿತ್ತೇ ಎಂಬುದೇ ಮುಖ್ಯ. ಮರುದಿನ ನವೀಕರಿಸಿದ ಪಾಲಿಸಿ ಕೆಲಸಕ್ಕೆ ಬಾರದು. ದೇಹದ ಗಾಯ ಮತ್ತು ಸಾವಿಗೆ ಈ ಥರ್ಡ್ ಪಾರ್ಟಿ ಹೊಣೆಯಲ್ಲಿ ಮೊತ್ತದ ಮೇಲ್ಮಿತಿ ಇಲ್ಲ ಎಂಬುದು ನೆನಪಿರಲಿ.

ತೊಡಕು ಬರುವುದು ಬಿಳಿ ಬೋರ್ಡ್ ವಾಹನ ಬಾಡಿಗೆಗೆ ಓಡುತ್ತಿದ್ದಾಗ. ಸ್ವಂತ ಬಳಕೆಗೆಂದು ಪಡೆದ ಪಾಲಿಸಿಯ ಷರತ್ತು ಮುರಿದಿದೆ ಎಂದು ವಿಮಾ ಕಂಪನಿ ಹೊಣೆ ನಿರಾಕರಿಸಬಹುದು. ಷರತ್ತು ಮುರಿದ ಪ್ರಕರಣಗಳಲ್ಲಿ ಕಂಪನಿಯೇ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ಉದಾಹರಣೆಗಳು ಸಾಕಷ್ಟಿವೆ. ಆದರೆ ಅದು ಪ್ರತಿ ಪ್ರಕರಣದಲ್ಲೂ ತಾನಾಗಿ ಸಿಗುವ ಭರವಸೆಯಲ್ಲ. ಹತ್ತುವ ಮುನ್ನ ಬೋರ್ಡ್‌ನ ಬಣ್ಣ ನೋಡುವ ಅಭ್ಯಾಸ ಈ ಕಾರಣಕ್ಕಾದರೂ ಬೆಳೆಯಬೇಕು.

ಚಾಲಕನ ಪರವಾನಗಿಯ ಮೇಲೆ ಬರುವ ಆಕ್ಷೇಪ ಈಗ ಮೊದಲಿನಷ್ಟು ಬಲವಾಗಿಲ್ಲ. ಲಘು ಮೋಟಾರು ವಾಹನದ ಪರವಾನಗಿ ಇರುವವರು 7,500 ಕಿಲೋಗಿಂತ ಕಡಿಮೆ ತೂಕದ ಬಾಡಿಗೆ ವಾಹನವನ್ನೂ ಓಡಿಸಬಹುದು, ಬೇರೆ ಅನುಮೋದನೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಚಾಲಕನ ಬಳಿ ಟ್ಯಾಕ್ಸಿ ಬ್ಯಾಡ್ಜ್ ಇರಲಿಲ್ಲ ಎಂದು ಯಾರಾದರೂ ಹೆದರಿಸಿದರೆ ಈ ತೀರ್ಪನ್ನು ನೆನಪಿಸಿ.

ಹಂತ 6: ಆ್ಯಪ್ ಕಂಪನಿಗೆ ತಿಳಿಸುವುದು

ಆ್ಯಪ್‌ನ ಸುರಕ್ಷತೆ ಅಥವಾ ಸಹಾಯ ವಿಭಾಗದಲ್ಲಿ ಅಪಘಾತವನ್ನು ವರದಿ ಮಾಡಿ, ಅದೇ ವಿಷಯವನ್ನು ಇಮೇಲ್‌ನಲ್ಲೂ ಬರೆಯಿರಿ. ಆ ಟ್ರಿಪ್‌ಗೆ ಪ್ರಯಾಣ ವಿಮೆ ಇತ್ತೇ, ಯಾವ ವಿಮಾ ಕಂಪನಿಯದು, ಎಷ್ಟು ದಿನದೊಳಗೆ ಕ್ಲೇಮ್ ಸಲ್ಲಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ. ಅಂಥ ವಿಮೆಯ ಹಣ ಬೇರೆ ಒಪ್ಪಂದದಿಂದ ಬರುವಂಥದ್ದು. ಅದನ್ನು ಪಡೆದ ಮಾತ್ರಕ್ಕೆ ವಾಹನದ ವಿಮೆಯಿಂದ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ. ಆದರೆ "ಇದರೊಂದಿಗೆ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ" ಎಂಬ ಅರ್ಥದ ಸಾಲಿರುವ ರಸೀದಿಗೆ ಸಹಿ ಹಾಕಿದರೆ ಹೋಗಬಹುದು. ಓದದೆ ಸಹಿ ಹಾಕಬೇಡಿ.

ಆ್ಯಪ್ ಕಂಪನಿಗಳು ತಾವು ಕೇವಲ ಮಧ್ಯವರ್ತಿಗಳು ಎಂದು ನಿಬಂಧನೆಗಳಲ್ಲಿ ಬರೆದುಕೊಂಡಿರುತ್ತವೆ. ಅವರನ್ನೂ ಎದುರುದಾರರನ್ನಾಗಿ ಸೇರಿಸಬೇಕೇ ಎಂಬುದನ್ನು ನಿಮ್ಮ ವಕೀಲರು ಪ್ರಕರಣ ನೋಡಿ ಹೇಳಲಿ. ಸೇರಿಸದಿದ್ದರೂ ಅವರ ಬಳಿ ಇರುವ ಟ್ರಿಪ್ ದಾಖಲೆಗಳನ್ನು ನ್ಯಾಯಮಂಡಳಿಯ ಮೂಲಕ ತರಿಸಿಕೊಳ್ಳಲು ಸಾಧ್ಯ.

ಹಂತ 7: ನಷ್ಟವನ್ನು ದಾಖಲಿಸುವುದು

ಒಂದು ಕಡತ ಮಾಡಿ, ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಔಷಧದ ಪ್ರತಿ ಬಿಲ್ಲಿನ ಜೊತೆ ಅದಕ್ಕೆ ಸಂಬಂಧಿಸಿದ ವೈದ್ಯರ ಚೀಟಿ ಇರಲಿ. ಚೀಟಿಯಿಲ್ಲದ ಬಿಲ್ಲನ್ನು ಪ್ರಶ್ನಿಸುತ್ತಾರೆ. ಥರ್ಮಲ್ ಕಾಗದದ ಮೇಲೆ ಮುದ್ರಿಸಿದ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಹಾಳೆಯಾಗುತ್ತದೆ, ಆದ್ದರಿಂದ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ ಅದರ ಬೆನ್ನಿಗೆ ಪಿನ್ ಮಾಡಿ. ಸ್ವಂತ ಆರೋಗ್ಯ ವಿಮೆಯಿಂದ ಹಣ ಪಡೆಯುವುದಾದರೆ ಮೂಲ ಬಿಲ್ಲುಗಳು ಆ ಕಂಪನಿಗೆ ಹೋಗುತ್ತವೆ. ಕೊಡುವ ಮುನ್ನ ದೃಢೀಕೃತ ಪ್ರತಿ ಮತ್ತು ಎಷ್ಟು ಹಣ ಮಂಜೂರಾಯಿತು ಎಂಬ ಪತ್ರ ಪಡೆಯಿರಿ. ಆ ಹಣ ಬಂದದ್ದನ್ನು ನ್ಯಾಯಮಂಡಳಿಯಿಂದ ಮುಚ್ಚಿಡಬೇಡಿ.

ಆದಾಯಕ್ಕೆ ಸಂಬಳದ ಚೀಟಿ, ಬ್ಯಾಂಕ್ ಹೇಳಿಕೆ, ಆದಾಯ ತೆರಿಗೆ ವಿವರ, ರಜೆಯ ದಾಖಲೆ ಬೇಕು. ಮನೆಗೆಲಸ ಮಾಡುವ ಗೃಹಿಣಿಯರಿಗೂ, ದಾಖಲೆಯಿಲ್ಲದ ಕೂಲಿ ಕಾರ್ಮಿಕರಿಗೂ ನ್ಯಾಯಮಂಡಳಿ ಅಂದಾಜು ಆದಾಯ ನಿಗದಿಪಡಿಸುತ್ತದೆ. ದಾಖಲೆ ಇಲ್ಲವೆಂದು ಹಿಂದೆ ಸರಿಯುವ ಅಗತ್ಯವಿಲ್ಲ. ಆರೈಕೆಗೆ ಮನೆಯವರೊಬ್ಬರು ಕೆಲಸ ಬಿಟ್ಟು ಕೂತಿದ್ದರೆ ಅದೂ ನಷ್ಟವೇ. ಆಸ್ಪತ್ರೆಗೆ ಓಡಾಡಿದ ಆಟೋ ಖರ್ಚು, ಪಥ್ಯದ ಆಹಾರ, ಫಿಸಿಯೋಥೆರಪಿ, ಮುಂದೆ ಕಬ್ಬಿಣದ ಪಟ್ಟಿ ತೆಗೆಸುವ ಶಸ್ತ್ರಚಿಕಿತ್ಸೆಯ ಅಂದಾಜು, ಎಲ್ಲವನ್ನೂ ಬರೆದಿಡಿ.

ಹಂತ 8: ಅರ್ಜಿ ಎಲ್ಲಿ, ಯಾವ ಕಲಮಿನಡಿ, ಎಷ್ಟು ದಿನದೊಳಗೆ

ಪರಿಹಾರದ ಅರ್ಜಿ ಸಲ್ಲಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಹಾಕಬಹುದು. ಹೊರ ಜಿಲ್ಲೆಯಲ್ಲಿ ಅಪಘಾತವಾಯಿತೆಂದು ಅಲ್ಲಿಗೇ ಅಲೆಯಬೇಕಿಲ್ಲ.

ದಾರಿಗಳು ಎರಡು. 166ನೇ ಕಲಮಿನಡಿ ಯಾರೋ ಒಬ್ಬರ ನಿರ್ಲಕ್ಷ್ಯವನ್ನು ತೋರಿಸಿ, ನಿಜವಾಗಿ ಆದ ಪೂರ್ತಿ ನಷ್ಟವನ್ನು ಕೇಳುವುದು ಒಂದು. 164ನೇ ಕಲಮಿನಡಿ ಯಾರ ತಪ್ಪನ್ನೂ ಸಾಬೀತುಪಡಿಸದೆ ನಿಗದಿತ ಮೊತ್ತ ಪಡೆಯುವುದು ಇನ್ನೊಂದು: ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ. ಗುದ್ದಿದ ವಾಹನ ಪರಾರಿಯಾಗಿ, ಕ್ಯಾಬ್ ಚಾಲಕನ ತಪ್ಪೇನೂ ಇಲ್ಲದಿದ್ದಾಗ ಈ ಎರಡನೆಯ ದಾರಿ ಪ್ರಯಾಣಿಕರ ಕೈಹಿಡಿಯುತ್ತದೆ. ಆದರೆ ಒಮ್ಮೆ ಈ ನಿಗದಿತ ಮೊತ್ತವನ್ನು ಒಪ್ಪಿ ಪಡೆದರೆ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಕೈಗೆ ಬೇಗ ಸಿಗುವ ಹಣವೆಂದು, ಶಾಶ್ವತ ಊನವಾಗಿರುವವರು ಅವಸರದಲ್ಲಿ ಇದನ್ನು ಆರಿಸಿಕೊಂಡು ಆಮೇಲೆ ಪರಿತಪಿಸುವಂತಾಗಬಾರದು.

ಕಾಲಮಿತಿ: ಅಪಘಾತದ ದಿನದಿಂದ 6 ತಿಂಗಳು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ನ ಮುಂದೆ ಬಂದಿದ್ದು, ಅವು ಇತ್ಯರ್ಥವಾಗುವವರೆಗೆ ಅವಧಿ ಮೀರಿದ ಕಾರಣಕ್ಕೆ ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದೆಂದು ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಈಗಾಗಲೇ ತಡವಾಗಿರುವವರು ಆಸೆ ಬಿಡದೆ ಕೂಡಲೇ ವಕೀಲರನ್ನು ಕಾಣಿ. ತಡವಾಗದವರು ಮಾತ್ರ ಈ ಆದೇಶವನ್ನು ನಂಬಿ ಕೂರದೆ 6 ತಿಂಗಳೊಳಗೆ ಅರ್ಜಿ ಹಾಕಿ.

ವಕೀಲರ ಶುಲ್ಕದ ಬಗ್ಗೆ ಮೊದಲೇ ಲಿಖಿತವಾಗಿ ಮಾತಾಡಿಕೊಳ್ಳಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಶುಲ್ಕ ನಿಗದಿಪಡಿಸುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆಸ್ಪತ್ರೆಯ ವಾರ್ಡಿಗೇ ಬಂದು "ಎಲ್ಲ ನಾವೇ ಮಾಡಿಸ್ತೀವಿ, ಇಲ್ಲಿ ಸಹಿ ಹಾಕಿ" ಎನ್ನುವ ಮಧ್ಯವರ್ತಿಗಳಿಗೆ ಖಾಲಿ ಹಾಳೆಯ ಮೇಲೆ, ಖಾಲಿ ಚೆಕ್‌ನ ಮೇಲೆ ಸಹಿ ಮಾಡಿಕೊಡಬೇಡಿ. ಖರ್ಚು ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಕೇಳಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ದೊರೆಯುತ್ತದೆ.

ಹಂತ 9: ಕಂಪನಿ ಹೇಳುವ ಮೊತ್ತ ಸರಿಯೇ ಎಂದು ಲೆಕ್ಕ ಹಾಕುವುದು

ಮಾಹಿತಿ ತಲುಪಿದ 30 ದಿನಗಳೊಳಗೆ ವಿಮಾ ಕಂಪನಿಯ ನಿಯೋಜಿತ ಅಧಿಕಾರಿ ರಾಜಿಯ ಮೊತ್ತವನ್ನು ಮುಂದಿಡಬೇಕೆಂದು 149ನೇ ಕಲಂ ಹೇಳುತ್ತದೆ. ಆ ಮೊತ್ತವನ್ನು ಒಪ್ಪುವ ಮುನ್ನ ನೀವೇ ಒಂದು ಅಂದಾಜು ಹಾಕಿಕೊಳ್ಳಬೇಕು. ಚಿಕಿತ್ಸಾ ವೆಚ್ಚ, ನೋವು ಮತ್ತು ಯಾತನೆ, ಕೆಲಸಕ್ಕೆ ಹೋಗದ ಅವಧಿಯ ಆದಾಯ, ಜೀವನದ ಸೌಖ್ಯಗಳ ನಷ್ಟ, ಮುಂದಿನ ಚಿಕಿತ್ಸೆ ಇವು ಒಂದೊಂದಾಗಿ ಸೇರುತ್ತವೆ. ಶಾಶ್ವತ ಊನವಿದ್ದರೆ ಎಲ್ಲಕ್ಕಿಂತ ದೊಡ್ಡ ಭಾಗ ಮುಂದಿನ ದುಡಿಮೆಯ ನಷ್ಟ.

ಅದರ ಲೆಕ್ಕ ಹೀಗೆ. 34 ವರ್ಷದ, ಸ್ವಂತ ವೃತ್ತಿಯಿಂದ ತಿಂಗಳಿಗೆ 25,000 ರೂಪಾಯಿ ದುಡಿಯುವ ಒಬ್ಬರ ದುಡಿಮೆಯ ಶಕ್ತಿ 20 ಶೇಕಡಾ ಕುಗ್ಗಿದೆ ಎಂದಿಟ್ಟುಕೊಳ್ಳಿ. 2017ರ ಸಂವಿಧಾನ ಪೀಠದ ತೀರ್ಪಿನಂತೆ 40 ವರ್ಷದೊಳಗಿನ ಸ್ವಂತ ವೃತ್ತಿಯವರಿಗೆ ಮುಂದಿನ ಆದಾಯ ಏರಿಕೆಯೆಂದು 40 ಶೇಕಡಾ ಸೇರಿಸಿದರೆ ತಿಂಗಳಿಗೆ 35,000, ವರ್ಷಕ್ಕೆ 4,20,000 ರೂಪಾಯಿ. 2009ರ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16. ಅಂದರೆ ವರ್ಷದ ಆದಾಯವನ್ನು 16ರಿಂದ ಗುಣಿಸಬೇಕು. 67,20,000 ಬರುತ್ತದೆ. ಅದರ 20 ಶೇಕಡಾ ಎಂದರೆ 13,44,000 ರೂಪಾಯಿ. ಏರಿಕೆಯ 40 ಶೇಕಡಾವನ್ನು ಬಿಟ್ಟು ಲೆಕ್ಕ ಹಾಕಿದರೆ ಇದೇ ಮೊತ್ತ 9,60,000ಕ್ಕೆ ಇಳಿಯುತ್ತದೆ. ರಾಜಿಯ ಮಾತುಕತೆಯಲ್ಲಿ ಆ ಏರಿಕೆಯನ್ನು ಸೇರಿಸಿದ್ದಾರೆಯೇ ಎಂದು ಕೇಳಲೇಬೇಕಾದ ಕಾರಣ ಇದು.

20 ಶೇಕಡಾ ಎಂಬ ಅಂಕಿ ಎಲ್ಲಿಂದ ಬಂತು ಎಂಬುದರಲ್ಲೇ ವಾದ ನಡೆಯುತ್ತದೆ. ವೈದ್ಯರು ಒಂದು ಕಾಲಿಗೆ 30 ಶೇಕಡಾ ಊನ ಎಂದು ಬರೆದರೆ ಅದು ಇಡೀ ದೇಹಕ್ಕೆ 30 ಆಗುವುದಿಲ್ಲ; ಇಡೀ ದೇಹದ ಊನವೂ ದುಡಿಮೆಯ ನಷ್ಟವೂ ಒಂದೇ ಅಲ್ಲ. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಬಹುತೇಕ ಪೂರ್ತಿ ನಿಲ್ಲಬಹುದು, ಅದೇ ಗಾಯವಾದ ಗುಮಾಸ್ತರ ಕೆಲಸ ಮುಂದುವರಿಯಬಹುದು ಎಂಬ ಬಗೆಯ ಹೋಲಿಕೆಯನ್ನು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿಯೇ ಮಾಡಿದೆ. ಹಾಗಾಗಿ ನಿಮ್ಮ ಕೆಲಸದಲ್ಲಿ ದೇಹದ ಯಾವ ಚಲನೆ ಬೇಕು, ಈಗ ಯಾವುದು ಸಾಧ್ಯವಾಗುತ್ತಿಲ್ಲ ಎಂಬುದನ್ನು ಸಾಕ್ಷ್ಯದಲ್ಲಿ ಸ್ಪಷ್ಟವಾಗಿ ಹೇಳಿ. ಊನದ ಪ್ರಮಾಣಪತ್ರವನ್ನು ಚಿಕಿತ್ಸೆ ನೀಡಿದ ವೈದ್ಯರಿಂದಲೇ ಅಥವಾ ವೈದ್ಯಕೀಯ ಮಂಡಳಿಯಿಂದ ಪಡೆಯಿರಿ. ಗಾಯಾಳುವಿಗೆ ಚಿಕಿತ್ಸೆಯನ್ನೇ ನೀಡದವರು ಧಾರಾಳವಾಗಿ ಬರೆದುಕೊಡುವ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಲಿ ಎಂದು ಅದೇ ತೀರ್ಪು ನ್ಯಾಯಮಂಡಳಿಗಳಿಗೆ ಸೂಚಿಸಿದೆ.

ಮೂಳೆ ಕೂಡಿ, ವೈದ್ಯರು ಸ್ಥಿತಿ ಸ್ಥಿರವಾಗಿದೆ ಎನ್ನುವವರೆಗೆ ಅಂತಿಮ ರಾಜಿಗೆ ಒಪ್ಪದಿರುವುದು ಒಳ್ಳೆಯದು. ಲೋಕ ಅದಾಲತ್‌ನಲ್ಲಿ ಹಣ ಬೇಗ ಬರುತ್ತದೆ ನಿಜ, ಆದರೆ ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಮೊತ್ತ ಮನಸ್ಸಿಗೆ ಒಪ್ಪಿದರೆ ಮಾತ್ರ ಸಹಿ ಹಾಕಿ.

ಗಾಯಗೊಂಡವರು ಚಾಲಕರಾಗಿದ್ದರೆ

ಕ್ಯಾಬ್ ಚಾಲಕರೂ ಇದೇ ಪ್ರಶ್ನೆ ಕೇಳುತ್ತಾರೆ. ತಪ್ಪು ಎದುರಿನ ವಾಹನದ್ದಾಗಿದ್ದರೆ ಮೇಲಿನ ದಾರಿಯೆಲ್ಲ ಅವರಿಗೂ ತೆರೆದಿದೆ. ತಾವೇ ಮಾಲೀಕರಾಗಿದ್ದು ಅಪಘಾತಕ್ಕೆ ತಾವೇ ಕಾರಣರಾಗಿದ್ದರೆ, ಪಾಲಿಸಿಯ ಜೊತೆ ಇರುವ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆಯನ್ನು ನೋಡಬೇಕು. ಅದರ ಮೊತ್ತ 15 ಲಕ್ಷ ರೂಪಾಯಿ, ಆದರೆ ಅದು ಸಾವು ಮತ್ತು ಪಾಲಿಸಿಯಲ್ಲಿ ಹೇಳಿದ ಶಾಶ್ವತ ಅಂಗನಷ್ಟಗಳಿಗೆ ಮಾತ್ರ. ಸಾಮಾನ್ಯ ಮುರಿತದ ಆಸ್ಪತ್ರೆ ಖರ್ಚು ಅದರಲ್ಲಿ ಬರುವುದಿಲ್ಲ. ಸಂಬಳಕ್ಕೆ ದುಡಿಯುವ ಚಾಲಕರಿಗೆ ಕಾರ್ಮಿಕ ಪರಿಹಾರ ಕಾನೂನಿನ ದಾರಿಯೂ ಇದೆ. ಎರಡು ಕಾನೂನುಗಳಡಿ ಒಂದೇ ಗಾಯಕ್ಕೆ ಎರಡು ಬಾರಿ ಕೇಳುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

ಹಂತ 10: ತೀರ್ಪು ಬಂದ ಮೇಲೆ

ಆದೇಶದ ಮೊತ್ತವನ್ನು ವಿಮಾ ಕಂಪನಿ 30 ದಿನಗಳೊಳಗೆ ಪಾವತಿಸಬೇಕು, ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿಯೂ ಸೇರಬಹುದು. ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್‌ಗಳನ್ನು ಪಾಸ್‌ಬುಕ್ಕಿನ ಪ್ರತಿಯೊಂದಿಗೆ ಸಲ್ಲಿಸಿ. ಒಂದು ಭಾಗವನ್ನು ನಿಶ್ಚಿತ ಠೇವಣಿಯಲ್ಲಿಡಲು ನ್ಯಾಯಮಂಡಳಿ ಹೇಳುವುದುಂಟು. ಶಸ್ತ್ರಚಿಕಿತ್ಸೆಯಂಥ ತುರ್ತಿದ್ದರೆ ಅವಧಿಗೆ ಮುನ್ನ ಬಿಡಿಸಿಕೊಡುವಂತೆ ಅದೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬೇಕು. ವ್ಯಾಜ್ಯದ ಮೊತ್ತ ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಆದೇಶದ ದೃಢೀಕೃತ ಪ್ರತಿಗೆ ತೀರ್ಪು ಬಂದ ವಾರದಲ್ಲಿಯೇ ಅರ್ಜಿ ಹಾಕಿ, ಬಂದ ಹಣವನ್ನು ಸ್ವೀಕರಿಸುವಾಗ "ಮೇಲ್ಮನವಿಯ ಹಕ್ಕನ್ನು ಕಾಯ್ದುಕೊಂಡು ಸ್ವೀಕರಿಸಿದ್ದೇನೆ" ಎಂದು ಬರೆದು ಸಹಿ ಮಾಡಿ.